ಅತ್ತೆಯ ಕಿವಿಯೂ ಎರಡು ಡಬ್ಬಗಳೂ

ಸಂಗೀತದ ವಿಷಯದಲ್ಲಿ ಚಳ್ಳಕೆರೆಯ ಜನ ಇನ್ನು ಮುಂದೆ ನಂಬಿಕೆಯ ಮೇಲಲ್ಲ, ಪುರಾವೆಯ ಮೇಲೆ ಬದುಕಬೇಕು ಎಂದು ನಾನು ಒಂದು ಬೆಳಿಗ್ಗೆ ತೀರ್ಮಾನಿಸಿದೆ. ಆ ಪುರಾವೆಯನ್ನು ಒದಗಿಸುವ ಹೊಣೆಯನ್ನೂ ನಾನೇ ಹೊತ್ತುಕೊಂಡೆ. ಬೇರೆ ಯಾರೂ ಮುಂದೆ ಬಂದಿರಲಿಲ್ಲ.

ನಾನು ರಸಾಯನಶಾಸ್ತ್ರದ ಪದವೀಧರ. ಹೆಸರು ಸಂಗಮೇಶ. ಊರಿನ ಒಂದು ಶೇಂಗಾ ಎಣ್ಣೆ ಗಿರಣಿಯಲ್ಲಿ ಎಣ್ಣೆಯ ಗುಣ ಪರೀಕ್ಷೆ ಮಾಡುವುದು ನನ್ನ ಕೆಲಸ. ಯಾರಾದರೂ ‘ಎಣ್ಣೆ ಚೆನ್ನಾಗಿದೆ’ ಎಂದರೆ ‘ಯಾವುದಕ್ಕಿಂತ?’ ಎಂದು ಕೇಳದೆ ಬಿಟ್ಟವನಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ ತ್ರಿವೇಣಿ, “ಸಾರು ಹೆಂಗೈತೆ?” ಎಂದಾಗ ನಾನು, “ನಿನ್ನೆಯದಕ್ಕೆ ಹೋಲಿಸಿದರೆ...” ಎಂದು ಶುರು ಮಾಡಿದ್ದೆ. ಆ ವಾಕ್ಯ ಇವತ್ತಿಗೂ ಪೂರ್ತಿಯಾಗಿಲ್ಲ.

ಇಂಥ ನಾನು ಹೋಂ ಥಿಯೇಟರ್ ಕೊಳ್ಳಲು ಹೋದೆ. ಕಾಲೇಜಿನಲ್ಲಿ ನನ್ನ ಪಕ್ಕದ ಬೆಂಚಿನಲ್ಲಿದ್ದ ಓಂಕಾರಮೂರ್ತಿ ಈಗ ಟೀವಿ, ಫ್ರಿಜ್ಜು ಮಾರುವ ಅಂಗಡಿ ಇಟ್ಟಿದ್ದಾನೆ. ಐದು ಸ್ಪೀಕರುಗಳನ್ನೂ ಗುಡುಗುವುದಕ್ಕೆಂದೇ ಇರುವ ಇನ್ನೊಂದು ದೊಡ್ಡ ಪೆಟ್ಟಿಗೆಯನ್ನೂ ಆರಿಸಿದ್ದು ಸುಲಭವಾಯಿತು. ತೊಡಕು ಬಂದದ್ದು ಅವಕ್ಕೆಲ್ಲ ಶಬ್ದ ಹಂಚುವ ಯಜಮಾನನ ಆಯ್ಕೆಯಲ್ಲಿ. ಅದಕ್ಕೆ ರಿಸೀವರ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಕೊನೆಯವರೆಗೂ ಅದಕ್ಕೆ ಡಬ್ಬ ಎಂದೇ ಹೆಸರು.

ಓಂಕಾರಮೂರ್ತಿ ಎರಡು ಡಬ್ಬ ಮುಂದಿಟ್ಟ.

“ಲೇ ಸಂಗಮೇಶ, ಇದು ಸಾದಾ. ಟೀವಿಗೆ ಸಿಗಿಸು, ಸಿನಿಮಾ ನೋಡು, ಮುಗೀತು. ಇದು ಮ್ಯೂಸಿಕ್ ಇರೋದು. ವೈಫೈ, ಬ್ಲೂಟೂತ್, ಫೋನಿಂದ ಹಾಡು, ಹೈ ರೆಸಲ್ಯೂಷನ್, ಎಲ್ಲಾ ಐತೆ. ರೇಟೂ ಹಂಗೇ ಐತೆ.”

“ಅದೆಲ್ಲಾ ಬೇಕಾಗ್ತದಾ?”

“ನಂಗೇನ್ ಗೊತ್ತು? ಕಂಪನಿಯೋರು ಐತೆ ಅಂತಾರೆ, ನಾನೂ ಐತೆ ಅಂತೀನಿ. ಬೇಕಾ ಅಂತ ಗಿರಾಕಿ ಕೇಳಿದ್ರೆ ನಗ್ತೀನಿ.”

ಒಬ್ಬ ವಿಜ್ಞಾನ ಪದವೀಧರ ನಗುವನ್ನು ಉತ್ತರ ಎಂದು ಒಪ್ಪಿಕೊಳ್ಳಲಾರ. ನನ್ನ ಮುಖ ನೋಡಿ ಅವನೇ ದಾರಿ ತೋರಿಸಿದ. “ಎರಡೂ ಒಯ್ದು ನೋಡು. ಭಾನುವಾರ ಸಂಜೆ ಬಂದು ಒಂದನ್ನ ವಾಪಸ್ ಒಯ್ತೀನಿ. ಯಾವುದು ಅಂತ ನೀನೇ ಹೇಳು. ನೀನು ಹೇಳಿದ್ದನ್ನೇ ನಾನು ಊರಿಗೆಲ್ಲಾ ಹೇಳ್ತೀನಿ.”

ಹೀಗೆ ಇಡೀ ತಾಲ್ಲೂಕಿನ ಸಂಗೀತದ ಭವಿಷ್ಯ ನನ್ನ ಸ್ಕೂಟರಿನ ಮೇಲೆ ಮನೆಗೆ ಬಂತು.

“ಒಂದು ಡಬ್ಬ ತರ್ತೀನಿ ಅಂತ ಹೋದೋರು ಎರಡು ತಂದೀರಲ್ರೀ” ಎಂದಳು ತ್ರಿವೇಣಿ.

“ಒಂದು ಪ್ರಯೋಗಕ್ಕೆ, ಇನ್ನೊಂದು ಹೋಲಿಕೆಗೆ.”

“ನಮ್ಮನೇಗೆ ಸಾದಾ ಸಾಕು. ಹಾಡು ಫೋನಾಗೇ ಕೇಳಿಸ್ತೈತೆ.”

“ಕೇಳಿಸೋದು ಬೇರೆ ತ್ರಿವೇಣಿ, ಆಲಿಸೋದು ಬೇರೆ.”

“ಉಣ್ಣೋದು ಬೇರೆ, ಅಡುಗೆ ಮಾಡೋದು ಬೇರೆ. ಈರುಳ್ಳಿ ಹೆಚ್ಕೊಡ್ರಿ.”

ಈರುಳ್ಳಿ ಹೆಚ್ಚುತ್ತಲೇ ಒಪ್ಪಂದ ಆಯಿತು. ಯಾರಾದರೂ ಒಬ್ಬರಿಗೆ, ಒಬ್ಬರೇ ಒಬ್ಬರಿಗಾದರೂ ಆ ಮ್ಯೂಸಿಕ್ ಡಬ್ಬದ ಹೆಚ್ಚುಗಾರಿಕೆ ಕಿವಿಗೆ ಗೊತ್ತಾದರೆ ಅದು ಮನೆಯಲ್ಲಿ ಉಳಿಯುತ್ತದೆ. ಇಲ್ಲವಾದರೆ ಓಂಕಾರಮೂರ್ತಿಯ ಜೊತೆ ಹೋಗುತ್ತದೆ.

“ಇನ್ನೊಂದು ಮಾತು. ಭಾನುವಾರ ಹಾಲ್ ನಂದು” ಎಂದಳು ತ್ರಿವೇಣಿ. “ಅವತ್ತು ನಿಮ್ಮ ಡಬ್ಬದಿಂದ ನನ್ನ ಯಾಪಾರಕ್ಕೆ ಏನಾದ್ರೂ ಆದ್ರೆ, ಎರಡೂ ಡಬ್ಬ ಹೋಗ್ತಾವೆ. ಹಿಂದೆನೇ ನೀವೂ ಹೋಗ್ತೀರಿ.”

ಅವಳ ಮಾತಿನಲ್ಲಿ ತಮಾಷೆ ಇರಲಿಲ್ಲ. ತ್ರಿವೇಣಿಯ ತವರು ಮೊಳಕಾಲ್ಮೂರು. ಅತ್ತೆ ಸುಲೋಚನಮ್ಮ ಮಗ್ಗದ ಮನೆಗಳಲ್ಲಿ ರೇಷ್ಮೆ ಸೀರೆ ನೇಯಿಸಿ ಮಾರುವವರು. ಅವರ ಸೀರೆಗಳನ್ನು ಚಳ್ಳಕೆರೆಯಲ್ಲಿ ಮಾರಲು ತ್ರಿವೇಣಿ ಈಚೆಗೆ ಶುರು ಮಾಡಿದ್ದಳು. ಆ ಭಾನುವಾರ, ಸೀರೆ ಬಲ್ಲವರೆಂದು ಊರಲ್ಲಿ ಹೆಸರಾದ ವನಜಾಕ್ಷಮ್ಮ ತಮ್ಮ ಮಗಳ ಮದುವೆ ಸೀರೆ ನೋಡಲು ಬರುವವರಿದ್ದರು, ಜೊತೆಗೆ ಬೀದಿಯ ಹೆಂಗಸರೂ. ಅದು ತ್ರಿವೇಣಿಗೆ ಸಿಗಬಹುದಾದ ಮೊದಲ ಮದುವೆ ಜವಳಿ. ವನಜಾಕ್ಷಮ್ಮ ಒಪ್ಪಿದರೆ ಊರು ಒಪ್ಪಿದಂತೆ. ಅವರು ಬರಿಗೈಯಲ್ಲಿ ಎದ್ದರೆ ಹಿಂದೆಯೇ ಊರೂ ಸೆರಗು ಕೊಡವಿಕೊಂಡು ಏಳುತ್ತದೆ.

ನಾನು ನನ್ನ ಪ್ರಯೋಗವನ್ನು ಶನಿವಾರಕ್ಕೇ ಇಟ್ಟುಕೊಂಡೆ.

ವಿಧಾನ ಸರಳವಾಗಿತ್ತು. ಒಂದೇ ಕೊಳಲುವಾದನ, ಎರಡು ಫೈಲು. ಒಂದರಲ್ಲಿ ನಾದವನ್ನು ಹಿಂಡಿ, ಕುಗ್ಗಿಸಿ, ಚಿಕ್ಕದು ಮಾಡಿ ಇಟ್ಟಿದ್ದಾರೆ. ಇನ್ನೊಂದರಲ್ಲಿ ಹನಿಯೂ ಚೆಲ್ಲದಂತೆ ತುಂಬಿಟ್ಟಿದ್ದಾರೆ. ಈ ಎರಡನೆಯದನ್ನು ಪೂರ್ತಿ ನುಡಿಸಬಲ್ಲೆ ಎಂಬುದೇ ಮ್ಯೂಸಿಕ್ ಡಬ್ಬದ ದೊಡ್ಡ ಹೆಮ್ಮೆ. ಕೇಳುವವರಿಗೆ ಗೊಂದಲವಾಗದಿರಲಿ ಎಂದು ತುಂಬಿಟ್ಟದ್ದಕ್ಕೆ ‘ಗಾಣ’, ಹಿಂಡಿದ್ದಕ್ಕೆ ‘ಪಾಮಾಯಿಲ್’ ಎಂದು ಹೆಸರಿಟ್ಟೆ. ಯಾವುದನ್ನು ಯಾವಾಗ ಹಾಕಬೇಕು ಎಂಬುದನ್ನು ನನ್ನ ಮನಸ್ಸಿಗೆ ಬಿಡಲಿಲ್ಲ. ಒಂದು ಹಿಡಿ ಶೇಂಗಾ ತೆಗೆಯುವುದು, ಎಣಿಸುವುದು, ಸರಿ ಬಂದರೆ ಗಾಣ, ಬೆಸ ಬಂದರೆ ಪಾಮಾಯಿಲ್. ಕೇಳುವವರ ಕಣ್ಣಿಗೆ ಬಟ್ಟೆ ಕಟ್ಟುವುದು. ಎರಡರ ಸದ್ದೂ ಒಂದೇ ಮಟ್ಟದಲ್ಲಿರುವಂತೆ ನೋಡಿಕೊಳ್ಳುವುದು. ಇದರಲ್ಲಿ ತೂತು ಹುಡುಕಬಲ್ಲವರು ಪಕ್ಕದ ಕುದಾಪುರದ ದೊಡ್ಡ ಸಂಶೋಧನಾ ಕೇಂದ್ರಗಳಲ್ಲೂ ಸಿಗಲಾರರು ಎಂದುಕೊಂಡೆ.

ಮೊದಲು ತ್ರಿವೇಣಿ. ಒಲೆಯ ಮೇಲೆ ಹಾಲಿಟ್ಟು ಬಂದಿದ್ದಳು. ಕೊಳಲು ಉಸಿರೆತ್ತುವ ಮೊದಲೇ “ಗಾಣ” ಎನ್ನುತ್ತಿದ್ದಳು. ಎಲ್ಲದಕ್ಕೂ ಗಾಣ. ಅರ್ಧ ಸರಿ, ಅರ್ಧ ತಪ್ಪು, ಹಾಲು ಮಾತ್ರ ಉಕ್ಕಲಿಲ್ಲ.

ಆಮೇಲೆ ಚಹಾಕ್ಕೆಂದು ಬಂದಿದ್ದ ಓಂಕಾರಮೂರ್ತಿ. ಅವನದೂ ಅರ್ಧಕ್ಕರ್ಧ. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡೇ ಪಕ್ಕದ ತಟ್ಟೆಗೆ ಕೈ ಹಾಕಿ ನನ್ನ ಎಣಿಕೆಯ ಶೇಂಗಾವನ್ನೆಲ್ಲ ತಿಂದು ಮುಗಿಸಿದ್ದರಿಂದ ಪ್ರಯೋಗ ಸ್ವಲ್ಪ ಹೊತ್ತು ನಿಂತಿತು.

ಪಕ್ಕದ ಮನೆಯ ಗೀತಮ್ಮ ಬಹಳ ಹೊತ್ತು ಉತ್ತರವನ್ನೇ ಕೊಡಲಿಲ್ಲ. ಆಳವಾಗಿ ಆಲಿಸುತ್ತಿದ್ದಾರೆ ಎಂದು ನಾನು ಸಂತೋಷಪಟ್ಟೆ. ಆಮೇಲೆ ಗೊರಕೆ ಕೇಳಿಸಿತು. ಅದನ್ನು ನಾನು ಯಾವ ಕಡೆಗೂ ಸೇರಿಸಲಿಲ್ಲ.

“ನೀವೂ ಒಂದ್ಸಲ ಬಟ್ಟೆ ಕಟ್ಕೊಂಡು ಹೇಳ್ರಿ ನೋಡಾಣ” ಎಂದಳು ತ್ರಿವೇಣಿ.

“ಪರೀಕ್ಷೆ ಮಾಡೋರು ಪರೀಕ್ಷೆ ಬರೆಯಲ್ಲ” ಎಂದೆ.

ಮಧ್ಯಾಹ್ನದ ಹೊತ್ತಿಗೆ ನನ್ನ ಗಾಣ ಸೋಲುವ ಹಾದಿಯಲ್ಲಿತ್ತು. ಆಗ ಮೊಳಕಾಲ್ಮೂರಿನ ಬಸ್ಸಿನಿಂದ ಸೀರೆ ಗಂಟುಗಳೊಂದಿಗೆ ಅತ್ತೆ ಇಳಿದರು. ಗಂಟು ಇಳಿಸಿ, ನೀರು ಕುಡಿದು, “ಏನಮ್ಮಾ ಇದು, ಮನೆ ತುಂಬಾ ಡಬ್ಬ?” ಎಂದರು. ತ್ರಿವೇಣಿ ಎಲ್ಲವನ್ನೂ ಹೇಳಿದಳು. ಹೇಳುವಾಗ ಅನಗತ್ಯವಾಗಿ ನಕ್ಕಳು.

“ಪಾಪ, ನಾನೂ ಕೇಳ್ತೀನಿ ತಡಿಯೇ” ಎಂದು ಅತ್ತೆ ಕುರ್ಚಿಯಲ್ಲಿ ಕೂತರು.

ಇಲ್ಲಿ ಒಂದು ಸಮಸ್ಯೆ ಎದ್ದಿತು. ಅತ್ತೆಯ ಕಣ್ಣಿಗೆ ಬಟ್ಟೆ ಕಟ್ಟುವ ಅಳಿಯ ಚಳ್ಳಕೆರೆಯಲ್ಲೂ ಇಲ್ಲ, ಮೊಳಕಾಲ್ಮೂರಿನಲ್ಲೂ ಇಲ್ಲ. ಬಟ್ಟೆ ಕೈಯಲ್ಲಿ ಹಿಡಿದು ಅವರ ಹಿಂದೆ ಹೋಗಿ ನಿಂತೆ. ಕೈ ಮೇಲೇಳಲಿಲ್ಲ. ಕಣ್ಣು ಮುಚ್ಚಿಕೊಳ್ಳಬಹುದೇ ಎಂದು ಕೇಳಿದರೆ, “ಕಣ್ಣು ಮುಚ್ಚಿದ್ರೆ ನಂಗೂ ಗೀತಮ್ಮನಂಗೇ ನಿದ್ದೆ ಹತ್ತೈತೆ” ಎಂದರು.

ಆದರೆ ವಿಜ್ಞಾನಕ್ಕೆ ದಾರಿಗಳಿಗೇನು ಬರ! ಅಡುಗೆ ಮನೆಯಿಂದ ಮೊರ ತಂದೆ. ಅತ್ತೆಯ ಎದುರು ಸ್ಟೂಲು ಹಾಕಿಕೊಂಡು, ಎದೆಯ ಮಟ್ಟಕ್ಕೆ ಮೊರ ಅಡ್ಡ ಹಿಡಿದು, ಅದರ ಹಿಂದೆ ಫೋನನ್ನೂ ಶೇಂಗಾವನ್ನೂ ಮರೆಮಾಡಿದೆ. ನನ್ನ ಬೆರಳು ಏನು ಒತ್ತುತ್ತದೆ ಎಂಬುದು ಬ್ರಹ್ಮನಿಗೂ ಕಾಣುವಂತಿರಲಿಲ್ಲ.

ಮೊದಲ ಕೊಳಲು. ಅತ್ತೆ ಸ್ವಲ್ಪ ಹೊತ್ತು ನನ್ನ ಕಡೆಗೇ ನೋಡುತ್ತಾ ಕೂತು, “ಗಾಣ” ಎಂದರು. ಸರಿ. ಎರಡನೆಯದು, “ಇದು ಪಾಮಾಯಿಲ್ಲು.” ಸರಿ. “ಇದೂ ಅದೇ.” ಸರಿ. “ಆಹಾ, ಗಾಣ.” ಸರಿ.

ಕೊನೆಯವರೆಗೆ ಒಂದೂ ತಪ್ಪಲಿಲ್ಲ. ತ್ರಿವೇಣಿ ಬಾಗಿಲಲ್ಲಿ ಬಾಯಿ ತೆರೆದು ನಿಂತಿದ್ದಳು. ಮದುವೆಯಾದಮೇಲೆ ಆ ಬಾಯಿ ಮಾತಿಲ್ಲದೆ ತೆರೆದದ್ದು ಅದೇ ಮೊದಲು.

“ಹೆಂಗೆ ಅತ್ತೆ?” ಎಂದೆ.

“ಗೊತ್ತಾಗ್ತೈತಪ್ಪ” ಎಂದರು ಅವರು, ಅಷ್ಟೇ.

ಅವರು ಹೇಳದೆ ಬಿಟ್ಟದ್ದನ್ನು ನಾನು ತುಂಬಿಕೊಂಡೆ. ಹುಟ್ಟಿದಾಗಿನಿಂದ ಮಗ್ಗದ ಸದ್ದಿನ ನಡುವೆ ಬೆಳೆದ ಕಿವಿ ಅದು. ಸಾವಿರ ಎಳೆಗಳ ಸದ್ದನ್ನು ಬಿಡಿಸಿ ಕೇಳಿದ ಕಿವಿಗೆ ಒಂದು ಕೊಳಲು ಯಾವ ಲೆಕ್ಕ? ಈ ಸಿದ್ಧಾಂತವನ್ನು ಸಂಜೆ ಅತ್ತೆಯನ್ನು ಬಸ್ ಹತ್ತಿಸುವವರೆಗೂ ತ್ರಿವೇಣಿಗೆ ವಿವರಿಸಿದೆ, ಬಸ್ ಹೋದಮೇಲೆ ಓಂಕಾರಮೂರ್ತಿಗೆ ಫೋನಿನಲ್ಲಿ ವಿವರಿಸಿದೆ.

ಗೆದ್ದವನು ಸುಮ್ಮನಿರಬೇಕಿತ್ತು. ಭಾನುವಾರ ಬೆಳಿಗ್ಗೆ ನಾನೇ ಹೋಗಿ, “ಸೀರೆ ನೋಡೋವಾಗ ಸಣ್ಣಗೆ ಕೊಳಲು ಇದ್ದರೆ ಗಿರಾಕಿ ಹೆಚ್ಚು ಹೊತ್ತು ಕೂರ್ತಾರೆ” ಎಂದೆ.

ತ್ರಿವೇಣಿ ಯೋಚಿಸಿ, “ಸಣ್ಣಕೆ ಇರ್ಲಿ. ಆದ್ರೆ ಹಾಡು ಬದಲಿಸ್ತೀನಿ ಅಂತ ನೀವು ನಡುವೆ ನಡುವೆ ಬರಂಗಿಲ್ಲ. ನನ್ನ ಫೋನಿಗೇ ಹಾಕ್ಕೊಡ್ರಿ” ಎಂದಳು.

ಹಾಕಿಕೊಟ್ಟೆ. ಅವಳ ಫೋನನ್ನು ಬ್ಲೂಟೂತ್ ಮೂಲಕ ಡಬ್ಬಕ್ಕೆ ಜೋಡಿಸಿದೆ. ಹಾಲ್‌ನ ಯಾವ ಮೂಲೆಯಲ್ಲಿ ಕೂತವರಿಗೂ ಸಮಾನ ನ್ಯಾಯ ಸಿಗಲಿ ಎಂದು ಐದೂ ಸ್ಪೀಕರುಗಳಲ್ಲಿ ಒಂದೇ ಸದ್ದು ಬರುವಂತೆ ಮಾಡಿದೆ. ಕೊಳಲಿನ ಫೈಲು ಮೆತ್ತಗಿತ್ತು, ಅದಕ್ಕೆ ಡಬ್ಬದ ಸದ್ದನ್ನು ಸಾಕಷ್ಟು ಏರಿಸಿಟ್ಟೆ. ಆಮೇಲೆ ಕಾಫಿ ತಟ್ಟೆ ಹಿಡಿದು ಅಡುಗೆ ಮನೆಯ ಬಾಗಿಲಲ್ಲಿ ನನ್ನ ಜಾಗದಲ್ಲಿ ನಿಂತೆ.

ವನಜಾಕ್ಷಮ್ಮ ಬಂದರು, ಗೋಡೆಗೆ ಒರಗಿ ಚಾಪೆಯ ಮೇಲೆ ಕೂತರು. ಗೀತಮ್ಮ, ಬೀದಿಯ ಉಳಿದ ಹೆಂಗಸರು ಸುತ್ತ ಸೇರಿದರು. ತ್ರಿವೇಣಿ ಒಂದೊಂದೇ ಸೀರೆ ಬಿಡಿಸತೊಡಗಿದಳು. ಕೆಂಪು, ಅರಿಶಿನ, ಬದನೆ ಬಣ್ಣ. ನೋಡನೋಡುತ್ತ ಹಾಲ್ ರೇಷ್ಮೆಯ ಕೆರೆಯಾಯಿತು. ಆ ಕೆರೆಯ ಈ ದಡದಲ್ಲಿ ನಾನು, ಆ ದಡದಲ್ಲಿ ಟೀವಿಯ ಕೆಳಗೆ ಡಬ್ಬ. ರಿಮೋಟು ಕೆರೆಯ ತಳದಲ್ಲೆಲ್ಲೋ.

“ಬಣ್ಣ ಐತೆ, ಕಳೆ ಇಲ್ಲ” ಎಂದರು ವನಜಾಕ್ಷಮ್ಮ. ಮುಂದಿನದಕ್ಕೆ, “ಅಂಚು ಐತೆ, ಗತ್ತಿಲ್ಲ.” ಅದರ ಮುಂದಿನದಕ್ಕೆ ಏನೂ ಹೇಳದೆ ಮೂಗನ್ನಷ್ಟೇ ಸ್ವಲ್ಪ ಓರೆ ಮಾಡಿದರು. ಸುತ್ತಲಿನ ಮೂಗುಗಳೂ ಅದೇ ದಿಕ್ಕಿಗೆ ತಿರುಗಿದವು. ತ್ರಿವೇಣಿ ಇನ್ನೊಂದು ಗಂಟು ಬಿಚ್ಚಿದಳು. ಕಡೆಗೆ ಗಿಳಿಹಸಿರು ಸೀರೆಯೊಂದು ಅವರ ತೊಡೆಯ ಮೇಲೆ ನಿಂತಿತು. ಸೆರಗಿನ ತುಂಬಾ ನವಿಲು. ವನಜಾಕ್ಷಮ್ಮ ಅದನ್ನು ಎರಡು ಸಲ ಸವರಿದರು, ಕಾಫಿ ಲೋಟ ಎತ್ತಿಕೊಂಡರು. ತ್ರಿವೇಣಿ ಮುಂದಿನ ಸೀರೆ ಬಿಡಿಸುವುದನ್ನು ನಿಲ್ಲಿಸಿದಳು.

ಕೊಳಲು ನಿಂತು, ಐದೂ ಸ್ಪೀಕರುಗಳಲ್ಲಿ ‘ಟಿಂಗ್’ ಎಂದಿತು.

ತ್ರಿವೇಣಿ ಫೋನು ನೋಡಿದಳು. ಅವ್ವನ ಧ್ವನಿ ಸಂದೇಶ. ಸೀರೆಯ ವಿಷಯವೇ ಇರಬೇಕೆಂದು ಒತ್ತಿ, ಯಾರಿಗೂ ಕೇಳಿಸದಿರಲಿ ಎಂದು ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡಳು.

“ತ್ರಿವೇಣೀ!” ಎಂದಿತು ಮನೆ.

ಅತ್ತೆ ಫೋನಿನಲ್ಲಿ ಮಾತಾಡುವುದು ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಫೋನಿಲ್ಲದೆಯೇ ಮುಟ್ಟುವಂತೆ. ಅದಕ್ಕೆ ಈಗ ಐದು ಸ್ಪೀಕರು, ಒಂದು ಗುಡುಗು ಪೆಟ್ಟಿಗೆ. ಕಪಾಟಿನ ಗಾಜು ಕಂಪಿಸಿತು.

“ಆ ಗಿಳಿಹಸಿರು ಸೀರೆ ಐತಲ್ಲಮ್ಮ, ನವಿಲಿನ ಸೆರಗಿಂದು. ಅದನ್ನ ವನಜಾಕ್ಷಮ್ಮಗೆ ಕೊಡಬ್ಯಾಡ.”

ಕಾಫಿ ಲೋಟ ವನಜಾಕ್ಷಮ್ಮನ ತುಟಿಯ ಹತ್ತಿರ ನಿಂತಿತು. ತ್ರಿವೇಣಿ ಫೋನನ್ನು ಕಿವಿಯಿಂದ ಕಿತ್ತು ನಿಲ್ಲಿಸಲು ಹೋದಳು. ವನಜಾಕ್ಷಮ್ಮ ಅವಳ ಮಣಿಕಟ್ಟು ಹಿಡಿದರು.

“ತಡಿಯಮ್ಮ. ನನ್ನ ಹೆಸರು ಬಂದೈತೆ. ಪೂರ್ತಿ ಕೇಳಾಣ.”

ನಾನು ಡಬ್ಬದ ಕಡೆ ಹೆಜ್ಜೆ ಎತ್ತಿದೆ. ಎತ್ತಿದ ಹೆಜ್ಜೆ ಹಾಗೇ ನಿಂತಿತು. ಬಿಡಿಸಿಟ್ಟ ರೇಷ್ಮೆಯನ್ನು ದಾಟಬಾರದು ಎಂಬುದು ತ್ರಿವೇಣಿಯ ತವರಿನ ಕಟ್ಟಳೆ. ಮದುವೆಯ ದಿನವೇ ನನಗೆ ಅದನ್ನು ಹೇಳಿಕೊಟ್ಟಿದ್ದರು. ಹೇಳಿಕೊಟ್ಟವರು ಈಗ ಐದು ಸ್ಪೀಕರಿನಲ್ಲಿ ಮಾತಾಡುತ್ತಿದ್ದರು.

“ಆಯಮ್ಮ ಭಾರಿ ಸೂಕ್ಷ್ಮ ಅಂತ ಗೀತಮ್ಮ ಹೇಳಿದ್ಲು. ಎಲ್ಲಾ ಬಿಡಿಸಿ, ಎಲ್ಲಾದಕ್ಕೂ ಮೂಗು ಮುರಿದು, ಕಾಫಿ ಕುಡಿದು ಎದ್ದು ಹೋಗ್ತಾಳಂತೆ.”

ವನಜಾಕ್ಷಮ್ಮ ಕಾಫಿ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ಗೀತಮ್ಮ ಹತ್ತಿರ ಸಿಕ್ಕ ಬದನೆ ಬಣ್ಣದ ಸೀರೆಯನ್ನು ಮುಖಕ್ಕೆ ಹಿಡಿದು ಜರಿ ಪರೀಕ್ಷಿಸತೊಡಗಿದರು.

“ಇರ್ಲಿ. ಮೂಗು ಮುರಿಯೋರೇ ಸೀರೆ ತಿಳಿದೋರು. ಆ ಸೆರಗಿನಾಗೆ ಒಂದು ನವಿಲಿಗೆ ಒಂದೇ ಕಾಲೈತೆ. ಎಳೆ ತಪ್ಪೈತೆ. ಗಂಟು ನಿಮ್ಮನೇಗೆ ಇಳಿಸಿ ಬಂದಮೇಲೆ ನೆಪ್ಪಾತು. ಯಾರ ಕಣ್ಣಿಗೂ ಬೀಳಲ್ಲ. ಆದ್ರೂ ಮದುವೆ ಸೀರೆ ಅದು. ಆಯಮ್ಮ ಕೇಳಿದ್ರೂ ಕೊಡಬ್ಯಾಡ. ಯಾಪಾರ ಹೋದ್ರೆ ಹೋಗ್ಲಿ. ಅಂಥದ್ದೇ ಇನ್ನೊಂದು ನಾನು ನೇಯಿಸಿ ಕೊಡ್ತೀನಿ ಅಂತ ಹೇಳು.”

ಸಂದೇಶ ಇಲ್ಲಿಗೆ ಮುಗಿದಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ.

“ಇನ್ನ ಅಳಿಯಂದ್ರ ಡಬ್ಬದ ವಿಷ್ಯ” ಎಂದವು ಐದೂ ಸ್ಪೀಕರು. “ಇದು ನೀನೊಬ್ಬಳೇ ಕೇಳಿಸ್ಕೋ. ಯಾರ ಮುಂದೂ ಹೇಳಬ್ಯಾಡ.”

ಎಲ್ಲರೂ ನನ್ನ ಕಡೆ ತಿರುಗಿದರು. ಕಾಫಿ ತಟ್ಟೆಯ ಹಿಂದೆ ಮರೆಯಾಗಲು ನೋಡಿದೆ. ಮೊರದಷ್ಟು ಅಗಲ ಇರಲಿಲ್ಲ ಅದು.

“ನಂಗೆ ಎರಡೂ ಕೊಳಲು ಒಂದೇ ಥರ ಕೇಳಿಸಿದ್ವಮ್ಮ. ಅಳಿಯಂದ್ರು ಮೊರದ ಹಿಂದೆ ಫೋನು ಮುಚ್ಚಿಟ್ಕೊಂಡಿದ್ರು, ಮಕ ಮುಚ್ಕೊಂಡಿರ್ಲಿಲ್ಲ. ಆ ಗಾಣದ್ದು ಹಾಕಿದಾಗ ಕಣ್ಣು ಮುಚ್ಕೊಂಡು ತಲೆ ತೂಗ್ತಿದ್ರು. ಪಾಮಾಯಿಲ್ ಹಾಕಿದಾಗ ಕಣ್ಣು ಬಿಟ್ಕೊಂಡು ನನ್ನೇ ನೋಡ್ತಿದ್ರು. ಅದನ್ನ ನೋಡಿ ನೋಡಿ ಹೇಳಿದೆ. ಪಾಪ, ಅಷ್ಟು ಆಸೆಪಟ್ಟು ತಂದಾರೆ. ವಾಪಸ್ ಕಳಿಸಬ್ಯಾಡ. ಫೋನ್ ಇಡ್ತೀನಮ್ಮ.”

‘ಟಿಂಗ್.’ ಕೊಳಲು ಏನೂ ಆಗಿಲ್ಲವೆಂಬಂತೆ ಮತ್ತೆ ಶುರುವಾಯಿತು.

ಮೊದಲು ನಕ್ಕದ್ದು ಬದನೆ ಬಣ್ಣದ ಸೀರೆ. ಅದರ ಹಿಂದೆ ಗೀತಮ್ಮನ ಭುಜಗಳು ಕುಣಿಯುತ್ತಿದ್ದವು. ಆಮೇಲೆ ಇಡೀ ಹಾಲ್ ನಕ್ಕಿತು. ವನಜಾಕ್ಷಮ್ಮ ಮಾತ್ರ ನಗಲಿಲ್ಲ. ಕನ್ನಡಕ ತರಿಸಿಕೊಂಡು, ಸೆರಗನ್ನು ಬೆಳಕಿಗೆ ಹಿಡಿದು, ನವಿಲುಗಳ ಕಾಲು ನೋಡತೊಡಗಿದರು. ನಗು ತಾನಾಗಿ ಅಡಗಿತು. ತ್ರಿವೇಣಿ ತಲೆ ಎತ್ತಲಿಲ್ಲ. ನಾನು ಎರಡೂ ಡಬ್ಬಗಳನ್ನೂ ನನ್ನ ಬಟ್ಟೆಬರೆಯನ್ನೂ ಒಂದೇ ಸ್ಕೂಟರಿನಲ್ಲಿ ಒಯ್ಯುವುದು ಹೇಗೆ ಎಂದು ಲೆಕ್ಕ ಹಾಕುತ್ತಿದ್ದೆ.

“ಇಲ್ಲೈತೆ ನೋಡ್ರಿ” ಎಂದರು ವನಜಾಕ್ಷಮ್ಮ. “ಹೌದು, ಒಂದೇ ಕಾಲು. ಎರಡು ಸಲ ಸವರಿದ್ನಲ್ಲ, ನಂಗೇ ಸಿಗ್ಲಿಲ್ಲ.” ಕನ್ನಡಕ ತೆಗೆದು ತ್ರಿವೇಣಿಯನ್ನು ನೋಡಿದರು. “ನನ್ನ ಕಣ್ಣಿಗೆ ಬೀಳದ ತಪ್ಪನ್ನ ತಾವಾಗೇ ಹೇಳೋರು ಎಲ್ಲಿ ಸಿಗ್ತಾರಮ್ಮ? ಮದುವೆ ಸೀರೆ ಪೂರ್ತಿ ಇಲ್ಲೇ. ಈ ಒಂಟಿ ಕಾಲಿನ ನವಿಲು ನಂಗಿರ್ಲಿ. ಎರಡು ಕಾಲಿನ ನವಿಲು ಎಲ್ರತ್ರನೂ ಇರ್ತಾವೆ.”

ತ್ರಿವೇಣಿ ತಲೆ ಎತ್ತಿದಳು. ವನಜಾಕ್ಷಮ್ಮ ಇನ್ನೂ ಮುಗಿಸಿರಲಿಲ್ಲ.

“ಇನ್ನೊಂದು ಕೆಲ್ಸ ಮಾಡು. ನಿಮ್ಮವ್ವಗೆ ಫೋನ್ ಹಚ್ಚು. ಉಳಿದ ಸೀರೆ ಬಗ್ಗೆನೂ ಹಿಂಗೇ ಒಂದೊಂದಾಗಿ ಹೇಳಿ ಕಳಿಸ್ಲಿ. ಎಲ್ರಿಗೂ ಕೇಳಂಗೆ, ಆ ಡಬ್ಬದಾಗೇ.”

ಆಮೇಲೆ ನಡೆದದ್ದನ್ನು ನಮ್ಮ ಬೀದಿ ಇನ್ನೂ ಹೇಳಿಕೊಳ್ಳುತ್ತದೆ. ಮೊಳಕಾಲ್ಮೂರಿನ ಜಗಲಿಯ ಮೇಲೆ ಕೂತ ಅತ್ತೆ, ಚಳ್ಳಕೆರೆಯ ನಮ್ಮ ಹಾಲ್‌ನಲ್ಲಿ ಐದು ಮೂಲೆಯಿಂದ ಮಾತಾಡಿದರು. ಯಾವ ಸೀರೆ ಯಾವ ಮಗ್ಗದ್ದು, ಯಾವುದರ ಅಂಚು ಒಗೆದರೆ ಇನ್ನೂ ಕಳೆಗಟ್ಟುತ್ತದೆ, ಯಾವುದನ್ನು ಬಿಸಿಲಿಗೆ ಹಾಕಬಾರದು, ಯಾವುದು ಕಪ್ಪಗಿರುವವರಿಗೇ ಚೆಂದ. ನೇಕಾರರ ಮನೆಯ ಮಗ್ಗದ ಸದ್ದು ಹಿಂದೆ ಲಟಕ್ ಪಟಕ್ ಎನ್ನುತ್ತಿತ್ತು. ಸುಳ್ಳು ಹೇಳಲಾರೆ, ಆ ಸದ್ದು ನನ್ನ ಕೊಳಲಿಗಿಂತ ಚೆನ್ನಾಗಿತ್ತು. ರೇಷ್ಮೆಯ ಕೆರೆ ಸಂಜೆಯೊಳಗೆ ಬತ್ತಿತು, ತಳದಲ್ಲಿ ರಿಮೋಟು ಸಿಕ್ಕಿತು. ಬದನೆ ಬಣ್ಣದ ಸೀರೆಯನ್ನು ಗೀತಮ್ಮ ಕೊಳ್ಳಲೇಬೇಕಾಯಿತು. ನಕ್ಕು ಬಂದ ಕಣ್ಣೀರನ್ನು ಅದರಲ್ಲೇ ಒರೆಸಿಕೊಂಡ ಮೇಲೆ ವಾಪಸ್ ಇಡುವುದು ಹೇಗೆ?

ಸಂಜೆ ಓಂಕಾರಮೂರ್ತಿ ಬಂದ.

“ಲೇ, ಹೇಳು, ಯಾವುದು ವಾಪಸ್?”

ನಾನು ಬಾಯಿ ತೆರೆಯುವ ಮೊದಲೇ ತ್ರಿವೇಣಿ ಸಾದಾ ಡಬ್ಬವನ್ನು ಅವನ ಕೈಗಿಟ್ಟಳು. “ಇದನ್ನ ಒಯ್ರಿ ಓಂಕಾರಣ್ಣ. ಅದು ಇರ್ಲಿ.”

ವಿಜ್ಞಾನ ಗೆದ್ದಿತ್ತು. ಯಾವ ದಾರಿಯಲ್ಲಿ ಎಂಬುದನ್ನು ನಾನು ಒತ್ತಿ ಕೇಳುವ ಸ್ಥಿತಿಯಲ್ಲಿರಲಿಲ್ಲ.

“ಹಂಗಾದ್ರೆ ಹಾಡಿನ ವ್ಯತ್ಯಾಸ ಕೇಳಿಸ್ತೈತೆ ಅಂತ ಊರಿಗೆ ಹೇಳ್ಲಾ?” ಎಂದ ಓಂಕಾರಮೂರ್ತಿ.

“ಕೇಳಿಸಲ್ಲಣ್ಣ” ಎಂದಳು ತ್ರಿವೇಣಿ. “ಕಾಣಿಸ್ತೈತೆ. ನಮ್ಮನೆಯೋರ ಮುಖದಾಗೆ.”

ನನ್ನ ಮಾನ ಉಳಿಸಿಕೊಳ್ಳಲು ಒಂದೇ ದಾರಿ ಇತ್ತು. “ಇನ್ನೊಂದು ಸಲ ನೋಡೇ ಬಿಡೋಣ” ಎಂದೆ. ಈ ಬಾರಿ ಮೊರವನ್ನು ಮೇಲಕ್ಕೆತ್ತಿ ಮುಖಕ್ಕೇ ಅಡ್ಡ ಹಿಡಿದೆ. ಅದು ಸಾಲದೆಂದು ಒಳಗೆ ಕಣ್ಣನ್ನೂ ಅಗಲಿಸಿ, ರೆಪ್ಪೆ ಅಲುಗಿಸದೆ, ಕತ್ತು ಬಿಗಿಮಾಡಿ ಕೂತೆ. ಶೇಂಗಾ ಎಣಿಸಿದೆ. ಸರಿ ಬಂತು. ಹಾಕಿದೆ.

“ಗಾಣ” ಎಂದಳು ತ್ರಿವೇಣಿ.

ಮತ್ತೆ ಎಣಿಸಿದೆ. ಬೆಸ. “ಪಾಮಾಯಿಲ್.” ಮತ್ತೆ. “ಗಾಣ.” ಒಂದೂ ತಪ್ಪಲಿಲ್ಲ.

ಮೊರದ ಹಿಂದೆ ನನ್ನ ಎದೆ ಉಬ್ಬಿತು. “ನೋಡಿದ್ಯಾ ಓಂಕಾರ! ನನ್ನ ಮುಖ ಕಾಣ್ತಿಲ್ಲ. ಕಿವಿಯಿಂದಲೇ ಹೇಳ್ತಿದ್ದಾಳೆ. ಹೇಳು ತ್ರಿವೇಣಿ, ಈಗಲಾದರೂ ಕೇಳಿಸ್ತಾ ಇದೆ ತಾನೆ?”

“ಅದೇನೋ ಗೊತ್ತಿಲ್ರಿ” ಎಂದಳು ಅವಳು. “ಮೊದ್ಲು ಆ ಕಾಲಿನ ಹೆಬ್ಬೆಟ್ಟು ಕುಣಿಸೋದು ನಿಲ್ಲಿಸ್ರಿ.”